ಶುಶ್ರೂಷಾ ಶಿಕ್ಷಣದಲ್ಲಿ ಪರೀಕ್ಷೆ: ಸ್ವರೂಪ ಮತ್ತು ಉದ್ದೇಶ

ಯಾವುದೇ ವಿದ್ಯೆಯಾಗಲಿ, ಕಲಿತವನಿಗೆ ಅದು ಎಷ್ಟರಮಟ್ಟಿಗೆ ಕೈಗೂಡಿದೆ ಎಂಬುದನ್ನು ತಿಳಿಯಲು ಪರೀಕ್ಷೆ ಅವಶ್ಯಕ. ಚರಿತ್ರೆಯ ಪತ್ರಿಕೆಯಲ್ಲಿ ಇಸವಿಯೊಂದು ತಪ್ಪಿದರೆ ವಿದ್ಯಾರ್ಥಿಗೆ ಒಂದು ಅಂಕ ನಷ್ಟವಾಗುತ್ತದೆ. ಆ ನಷ್ಟ ಅವನೊಬ್ಬನದು. ಶುಶ್ರೂಷಾ ವಿದ್ಯೆಯ ಸಂಗತಿ ಬೇರೆ. ಪರೀಕ್ಷೆಯ ಕೊಠಡಿಯಲ್ಲಿ ಪತ್ತೆಯಾಗದೆ ಉಳಿದ ಅಜ್ಞಾನ ಮುಂದೊಂದು ದಿನ ಆಸ್ಪತ್ರೆಯ ವಾರ್ಡಿನಲ್ಲಿ ಪ್ರಕಟವಾಗುತ್ತದೆ. ಅದರ ಫಲವನ್ನು ಅನುಭವಿಸುವವನು ಹಾಸಿಗೆಯಲ್ಲಿ ಮಲಗಿರುವ ರೋಗಿ. ಆದ್ದರಿಂದ ದಾದಿಯ ವಿದ್ಯೆಯನ್ನು ಅಳೆಯುವ ಕಾರ್ಯ ಅಧ್ಯಾಪಕ ಮತ್ತು ವಿದ್ಯಾರ್ಥಿ ಇವರಿಬ್ಬರ ನಡುವಣ ವ್ಯವಹಾರವಷ್ಟೇ ಆಗಿ ಉಳಿಯಲಾರದು. ಪರೀಕ್ಷಾಪತ್ರಿಕೆಯನ್ನು ಸಿದ್ಧಪಡಿಸುವವರು ಇನ್ನೂ ಆಸ್ಪತ್ರೆಗೆ ಬಾರದ ಆ ರೋಗಿಯ ಪರವಾಗಿಯೂ ಪ್ರಶ್ನೆ ಕೇಳುತ್ತಿರುತ್ತಾರೆ. ಇಂಥ ಪರೀಕ್ಷೆಯ ಸ್ವರೂಪ ಹೇಗಿರಬೇಕು, ಅದು ಯಾವುದನ್ನು ಅಳೆಯಬೇಕು ಎಂಬುದರ ವಿವೇಚನೆಯೇ ಪ್ರಕೃತ ಲೇಖನದ ಉದ್ದೇಶ.

೧. ಪರೀಕ್ಷೆಯನ್ನು ಕುರಿತ ಹಳೆಯ ವಾದ

ಶುಶ್ರೂಷೆಯನ್ನು ಶಿಸ್ತುಬದ್ಧ ವಿದ್ಯೆಯನ್ನಾಗಿ ರೂಪಿಸಿದ ಕೀರ್ತಿ ಫ್ಲಾರೆನ್ಸ್ ನೈಟಿಂಗೇಲ್ ಅವರಿಗೆ ಸಲ್ಲುತ್ತದೆ. ೧೮೫೪ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ತೆರಳಿದ ಆಕೆ, ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆಯೊಂದರ ಸ್ಥಾಪನೆಗೆ ಕಾರಣರಾದರು. ಆ ಶಾಲೆಯಲ್ಲಿ ಪ್ರತಿ ವಿದ್ಯಾರ್ಥಿನಿಯ ವಿಷಯದಲ್ಲಿಯೂ ತಿಂಗಳಿಗೊಮ್ಮೆ ಒಂದು ವರದಿಪಟ್ಟಿಯನ್ನು ತುಂಬಲಾಗುತ್ತಿತ್ತು. ಗಾಯಕ್ಕೆ ಕಟ್ಟು ಕಟ್ಟುವುದು, ನಿಶ್ಶಕ್ತರಾದ ರೋಗಿಗಳನ್ನು ಹೊರಳಿಸುವುದು, ಪಥ್ಯದ ಅಡಿಗೆ, ರೋಗಿಯನ್ನು ಗಮನಿಸುವುದು ಮೊದಲಾದ ಕೌಶಲಗಳು ಅದರ ಒಂದು ಭಾಗ. ಸಮಯಪಾಲನೆ, ಶುಚಿತ್ವ, ನಂಬಿಕೆಗೆ ಅರ್ಹತೆ ಮೊದಲಾದ ಗುಣಗಳು ಮತ್ತೊಂದು ಭಾಗ. ಅಂದರೆ ಅಲ್ಲಿಯ ಪರೀಕ್ಷೆ ವರ್ಷಾಂತ್ಯದ ಒಂದು ದಿನಕ್ಕೆ ಸೀಮಿತವಾಗಿರದೆ, ವಾರ್ಡಿನ ನಿತ್ಯದ ಕೆಲಸದಲ್ಲಿಯೇ ನಡೆಯುತ್ತಿತ್ತು.

ಮುಂದೆ ೧೮೮೭ರಲ್ಲಿ ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ ಅವರ ಮುಂದಾಳುತನದಲ್ಲಿ ಬ್ರಿಟಿಷ್ ದಾದಿಯರ ಸಂಘವೊಂದು ಸ್ಥಾಪಿತವಾಯಿತು. ನಿಗದಿತ ತರಬೇತಿ ಪಡೆದು ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಹೆಸರುಗಳನ್ನು ಮಾತ್ರ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸಬೇಕು ಎಂಬುದು ಅವರ ಬೇಡಿಕೆ. ತರಬೇತಿಯಿಲ್ಲದವರು ದಾದಿಯೆಂದು ಹೇಳಿಕೊಂಡು ರೋಗಿಗಳ ಮನೆ ಹೊಗುವುದನ್ನು ತಡೆಯಲು ಬೇರೆ ಮಾರ್ಗವಿಲ್ಲವೆಂದು ಅವರು ವಾದಿಸಿದರು. ನೈಟಿಂಗೇಲ್ ಇದನ್ನು ಬಲವಾಗಿ ವಿರೋಧಿಸಿದರು. ಒಳ್ಳೆಯ ದಾದಿಗೆ ಬೇಕಾದ ತಾಳ್ಮೆ, ಸೂಕ್ಷ್ಮದೃಷ್ಟಿ, ಸಮಯಸ್ಫೂರ್ತಿ ಇವು ಯಾವ ಲಿಖಿತ ಪರೀಕ್ಷೆಯ ಬಲೆಗೂ ಸಿಕ್ಕುವಂಥವಲ್ಲ ಎಂಬುದು ಆಕೆಯ ನಿಲುವಾಗಿತ್ತು.

ವಾದ ಮೂರು ದಶಕಗಳ ಕಾಲ ನಡೆಯಿತು. ೧೯೦೧ರಲ್ಲಿ ನ್ಯೂಜಿಲೆಂಡ್ ದೇಶ ದಾದಿಯರ ನೋಂದಣಿಗೆ ಪ್ರತ್ಯೇಕ ಶಾಸನ ಮಾಡಿತು. ಇಂಗ್ಲೆಂಡಿನಲ್ಲಿ ೧೯೧೯ರಲ್ಲಿ ಕಾಯಿದೆ ಬಂದಿತು. ಅಲ್ಲಿಯ ದಾಖಲೆಯಲ್ಲಿ ಮೊದಲನೆಯ ಹೆಸರು ಫೆನ್‌ವಿಕ್ ಅವರದೇ. ಭಾರತದಲ್ಲಿ ೧೯೪೭ರ ಕಾಯಿದೆಯ ಮೂಲಕ ಭಾರತೀಯ ಶುಶ್ರೂಷಾ ಪರಿಷತ್ತು ಅಸ್ತಿತ್ವಕ್ಕೆ ಬಂದು, ಶಿಕ್ಷಣಕ್ಕೆ ಏಕರೂಪದ ಮಟ್ಟವನ್ನು ಗೊತ್ತುಪಡಿಸುವ ಹೊಣೆಯನ್ನು ವಹಿಸಿಕೊಂಡಿತು. ಆ ಕಾಯಿದೆಯ ಸ್ಥಾನದಲ್ಲಿ ಜಾರಿಗೆ ತರಲೆಂದು ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಮಸೂದೆಯನ್ನು ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿತು.

ಶಾಸನದ ದೃಷ್ಟಿಯಿಂದ ಫೆನ್‌ವಿಕ್ ಅವರ ಪಕ್ಷ ಗೆದ್ದಿತೆಂಬುದು ನಿಜ. ಆದರೆ ನೈಟಿಂಗೇಲ್ ಎತ್ತಿದ ಆಕ್ಷೇಪಕ್ಕೆ ಉತ್ತರ ಆಗಲೇ ದೊರೆಯಿತೆಂದು ಭಾವಿಸುವಂತಿಲ್ಲ. ಪರೀಕ್ಷೆ ಬೇಕೇ ಬೇಕು. ಆದರೆ ಪರೀಕ್ಷೆಗೆ ಸುಲಭವಾಗಿ ಸಿಕ್ಕುವುದು ಕಂಠಪಾಠ, ರೋಗಿಗೆ ಬೇಕಾದುದು ವಿವೇಚನೆ. ಅನಂತರದ ನೂರು ವರ್ಷಗಳಲ್ಲಿ ಶುಶ್ರೂಷಾ ಪರೀಕ್ಷೆಯಲ್ಲಿ ನಡೆದ ಮುಖ್ಯ ಸುಧಾರಣೆಗಳು ಈ ಎರಡರ ನಡುವಣ ಅಂತರವನ್ನು ಕಡಿಮೆ ಮಾಡುವ ಪ್ರಯತ್ನಗಳೇ ಆಗಿವೆ.

೨. ಅರಿವಿನ ಮೆಟ್ಟಿಲುಗಳು

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿಗಳು ೧೯೫೬ರಲ್ಲಿ ಬೌದ್ಧಿಕ ಕಲಿಕೆಯನ್ನು ಆರು ಹಂತಗಳಾಗಿ ವಿಂಗಡಿಸಿದರು. ನೆನಪು, ಗ್ರಹಿಕೆ, ಅನ್ವಯ ಎಂಬ ಮೊದಲ ಮೂರು ಹಂತಗಳು ಪ್ರಸ್ತುತ ವಿಷಯಕ್ಕೆ ಅತ್ಯಂತ ಉಪಯುಕ್ತ. ನಾಡಿಯನ್ನು ಕುರಿತು ಮೂರು ಬಗೆಯ ಪ್ರಶ್ನೆಗಳನ್ನು ಕೇಳಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ವಿಶ್ರಾಂತಿಯಲ್ಲಿರುವ ವಯಸ್ಕನ ನಾಡಿ ನಿಮಿಷಕ್ಕೆ ಎಷ್ಟು ಬಾರಿ ಮಿಡಿಯುತ್ತದೆ? ೬೦ರಿಂದ ೧೦೦. ಇದು ನೆನಪಿನ ಪ್ರಶ್ನೆ. ರಕ್ತ ನಷ್ಟವಾದಾಗ ನಾಡಿಯ ವೇಗ ಏಕೆ ಹೆಚ್ಚುತ್ತದೆ? ಉಳಿದ ರಕ್ತವನ್ನು ಬೇಗಬೇಗನೆ ತಿರುಗಿಸಿ ಮೆದುಳು, ಹೃದಯ ಮೊದಲಾದ ಮುಖ್ಯ ಅಂಗಗಳಿಗೆ ಒದಗಿಸಲು ದೇಹ ಹೆಣಗುವುದರಿಂದ. ಇದು ಗ್ರಹಿಕೆಯ ಪ್ರಶ್ನೆ. ಒಬ್ಬ ರೋಗಿಯ ನಾಡಿ ಎರಡು ಗಂಟೆಗಳಲ್ಲಿ ೮೨ರಿಂದ ೧೧೮ಕ್ಕೆ ಏರಿದೆ; ಈಗ ದಾದಿ ಮಾಡಬೇಕಾದುದೇನು? ಇದು ಅನ್ವಯದ ಪ್ರಶ್ನೆ.

ಮೊದಲಿನ ಪ್ರಶ್ನೆಗಳು ನಿರುಪಯುಕ್ತವೆಂದು ಹೇಳಲಾಗದು. ಸಹಜಸ್ಥಿತಿಯ ಅಂಕಿಗಳನ್ನು ಅರಿಯದವನು ಅಸಹಜತೆಯನ್ನು ಗುರುತಿಸಲಾರ. ಆದರೆ ಪ್ರಶ್ನಪತ್ರಿಕೆಯ ಬಹುಭಾಗ ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಂತರೆ, ಪುಸ್ತಕವನ್ನು ಒಪ್ಪಿಸಬಲ್ಲವನಿಗೂ ರೋಗಿಯನ್ನು ಕಾಯಬಲ್ಲವನಿಗೂ ಒಂದೇ ಅಂಕ ದೊರೆಯುತ್ತದೆ.

೩. ಒಂದು ಮಾದರಿ ಪ್ರಶ್ನೆ ಮತ್ತು ಅದರ ವಿಶ್ಲೇಷಣೆ

ಮೇಲಿನ ಮೂರನೆಯ ಪ್ರಶ್ನೆಯನ್ನು ವಿಸ್ತರಿಸಿ ಹೀಗೆ ರಚಿಸಬಹುದು: ನಲವತ್ತೈದು ವರ್ಷದ ರೈತನೊಬ್ಬನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ಗಂಟೆ ಕಳೆದಿದೆ. ಎರಡು ಗಂಟೆಯ ಹಿಂದೆ ನಾಡಿ ೮೨, ರಕ್ತದೊತ್ತಡ ೧೨೪/೮೦ ಇದ್ದಿತು. ಈಗ ನಾಡಿ ೧೧೮, ರಕ್ತದೊತ್ತಡ ೧೧೦/೭೬. ಮುಖ ಬಿಳಿಚಿದೆ, ಚರ್ಮ ತಣ್ಣಗಿದೆ. ರೋಗಿ ಹಾಸಿಗೆಯಲ್ಲಿ ಹೊರಳಾಡುತ್ತ ನೀರು ಕೇಳುತ್ತಿದ್ದಾನೆ. ದಾದಿ ಮೊದಲು ಏನು ಮಾಡಬೇಕು?

ಅ) ಕುಡಿಯಲು ನೀರು ಕೊಡಬೇಕು.
ಆ) ನೋವಿನ ಔಷಧ ಕೊಟ್ಟು ನಿದ್ರೆ ಬರುವಂತೆ ಮಾಡಬೇಕು.
ಇ) ಗಾಯದ ಕಟ್ಟನ್ನೂ ಬೆನ್ನಿನ ಕೆಳಭಾಗವನ್ನೂ ನೋಡಿ, ವೈದ್ಯರಿಗೆ ತಕ್ಷಣ ತಿಳಿಸಬೇಕು.
ಈ) ರಕ್ತದೊತ್ತಡ ಇನ್ನೂ ಸರಿಯಾಗಿರುವುದರಿಂದ ಒಂದು ಗಂಟೆಯ ನಂತರ ಮತ್ತೆ ಅಳೆಯಬೇಕು.

ಸರಿಯಾದ ಉತ್ತರ ಮೂರನೆಯದು. ಏರುತ್ತಿರುವ ನಾಡಿ, ಚಡಪಡಿಕೆ, ಬಿಳಿಚಿದ ತಣ್ಣನೆಯ ಚರ್ಮ, ಬಾಯಾರಿಕೆ ಇವೆಲ್ಲ ಕೂಡಿ ರಕ್ತಸ್ರಾವವನ್ನು ಸೂಚಿಸುತ್ತವೆ. ಮೇಲಿನ ಕಟ್ಟು ಒಣಗಿದಂತೆ ಕಂಡರೂ ರಕ್ತ ಪಕ್ಕದಿಂದ ಹರಿದು ಬೆನ್ನಿನ ಕೆಳಗೆ ಸಂಗ್ರಹವಾಗಿರಬಹುದು. ಹೊರಗೆ ಏನೂ ಕಾಣದೆ ಹೊಟ್ಟೆಯೊಳಗೇ ಸ್ರಾವವಾಗುತ್ತಿರಲೂಬಹುದು. ಆದ್ದರಿಂದ ಬಟ್ಟೆ ಒಣಗಿದೆಯೆಂಬ ಕಾರಣಕ್ಕೆ ವೈದ್ಯರನ್ನು ಕರೆಯಲು ತಡಮಾಡುವಂತಿಲ್ಲ.

ಈ ಪ್ರಶ್ನೆಯ ನಿಜವಾದ ಬೆಲೆ ಅದರ ತಪ್ಪು ಉತ್ತರಗಳಲ್ಲಿದೆ. ಮೊದಲನೆಯದನ್ನು ಆರಿಸಿದವನಲ್ಲಿ ಕರುಣೆಯುಂಟು. ಆದರೆ ಬಾಯಾರಿಕೆ ಒಂದು ಲಕ್ಷಣವೆಂಬುದನ್ನಾಗಲಿ, ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬರಬಹುದಾದ ರೋಗಿಗೆ ಬಾಯಿಂದ ಏನನ್ನೂ ಕೊಡಬಾರದೆಂಬುದನ್ನಾಗಲಿ ಅವನು ಅರಿತಿಲ್ಲ. ಎರಡನೆಯದನ್ನು ಆರಿಸಿದವನು ಚಡಪಡಿಕೆಗೆಲ್ಲ ನೋವೇ ಕಾರಣವೆಂದು ಭಾವಿಸಿದ್ದಾನೆ. ಅವನು ಕೊಡುವ ಔಷಧ ಅಪಾಯದ ಸೂಚನೆಗಳನ್ನೇ ಮುಚ್ಚಿಹಾಕೀತು. ನಾಲ್ಕನೆಯದನ್ನು ಆರಿಸಿದವನು ಪುಸ್ತಕವನ್ನು ಓದಿದವನೇ. ರಕ್ತಸ್ರಾವದಲ್ಲಿ ರಕ್ತದೊತ್ತಡ ಇಳಿಯುತ್ತದೆಂದು ಅವನು ಬಲ್ಲ. ಆದರೆ ಅದು ಬಹುಮಟ್ಟಿಗೆ ತಡವಾಗಿ ಇಳಿಯುತ್ತದೆ, ನಾಡಿ ಅದಕ್ಕಿಂತ ಮೊದಲೇ ಎಚ್ಚರಿಸುತ್ತದೆ ಎಂಬುದನ್ನು ಅರಿಯ. ಅವನು ಕಾಯುವ ಒಂದು ಗಂಟೆ ರೋಗಿಯ ಪಾಲಿಗೆ ಮಾರಕವಾಗಬಹುದು.

ಹೀಗೆ ಪ್ರತಿಯೊಂದು ತಪ್ಪು ಉತ್ತರವೂ ಒಂದೊಂದು ಬಗೆಯ ಕೊರತೆಯನ್ನು ಹೊರಗೆಡಹುತ್ತದೆ. ಉತ್ತರಪತ್ರಿಕೆಯನ್ನು ತಿದ್ದಿದ ಅಧ್ಯಾಪಕರು ಮರುದಿನ ಯಾವ ಪಾಠವನ್ನು ಮತ್ತೆ ಹೇಳಬೇಕೆಂಬುದನ್ನು ಇದರಿಂದ ತಿಳಿಯಬಹುದು. ಕೇವಲ ಸಂಖ್ಯೆ ತುಂಬಲು ಅಸಂಬದ್ಧ ಉತ್ತರಗಳನ್ನು ಸೇರಿಸಿದ ಪ್ರಶ್ನೆಯಿಂದ ಈ ಪ್ರಯೋಜನ ದೊರೆಯಲಾರದು.

೪. ಔಷಧ ಮತ್ತು ಲೆಕ್ಕ

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ನಿಯಮಗಳನ್ನು ಎಲ್ಲ ವಿದ್ಯಾರ್ಥಿಗಳೂ ಬಾಯಿಪಾಠ ಮಾಡಿರುತ್ತಾರೆ. ಅವುಗಳನ್ನು ಬರೆಯಿರಿ ಎಂದು ಕೇಳಿದರೆ ಎಲ್ಲರೂ ಉತ್ತೀರ್ಣರೇ. ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬಹುದು: ವಾರ್ಡಿನಲ್ಲಿ ಬಸಪ್ಪ ಎಂಬ ಹೆಸರಿನ ಇಬ್ಬರಿದ್ದಾರೆ, ಒಬ್ಬರಿಗೆ ಇನ್ಸುಲಿನ್ ಚುಚ್ಚುಮದ್ದು ಕೊಡಬೇಕಾಗಿದೆ. ದಾದಿ ರೋಗಿಯನ್ನು ಹೇಗೆ ಗುರುತಿಸಬೇಕು? “ನೀವು ಬಸಪ್ಪನವರಲ್ಲವೇ?” ಎಂದರೆ ಇಬ್ಬರೂ ಹೌದೆನ್ನುತ್ತಾರೆ, ಕಿವಿ ಮಂದವಾದ ಮೂರನೆಯ ವೃದ್ಧರೂ ತಲೆಯಾಡಿಸಿಯಾರು. “ನಿಮ್ಮ ಪೂರ್ತಿ ಹೆಸರು ಹೇಳಿ” ಎಂದು ಕೇಳಿ, ರೋಗಿಯಿಂದಲೇ ಹೇಳಿಸಿ, ಆಸ್ಪತ್ರೆಯ ದಾಖಲೆ ಸಂಖ್ಯೆಯೊಡನೆ ತಾಳೆ ನೋಡುವುದೇ ಸರಿಯಾದ ಕ್ರಮ. ಹಾಸಿಗೆಯ ಸಂಖ್ಯೆಯೊಂದನ್ನೇ ನಂಬುವಂತಿಲ್ಲ. ರೋಗಿಗಳು ಹಾಸಿಗೆ ಬದಲಿಸುವುದುಂಟು.

ಲೆಕ್ಕದ ಪ್ರಶ್ನೆಗಳಿಗೂ ಇದೇ ನ್ಯಾಯ. ೧೦೦೦ ಮಿಲಿಲೀಟರ್ ಸಲೈನನ್ನು ೮ ಗಂಟೆಗಳಲ್ಲಿ ಕೊಡಬೇಕು. ನಳಿಗೆಯಲ್ಲಿ ಒಂದು ಮಿಲಿಲೀಟರಿಗೆ ೨೦ ಹನಿ. ಒಟ್ಟು ೨೦,೦೦೦ ಹನಿಗಳನ್ನು ೪೮೦ ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು ೪೨ ಹನಿ ಬರುತ್ತದೆ. ಈ ಅಂಕಿಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ, ಮಿಲಿಲೀಟರಿಗೆ ೧೫ ಹನಿ ಬೀಳುವ ನಳಿಗೆಯನ್ನು ಜೋಡಿಸಿಯೂ ೪೨ ಹನಿಯನ್ನೇ ಎಣಿಸಿ ಬಿಟ್ಟರೆ, ೮ ಗಂಟೆಗಳ ದ್ರವ ಸುಮಾರು ೬ ಗಂಟೆಗಳಲ್ಲಿಯೇ ದೇಹವನ್ನು ಸೇರುತ್ತದೆ. ದುರ್ಬಲ ಹೃದಯದ ವೃದ್ಧರಲ್ಲಿ ಇದರಿಂದ ಶ್ವಾಸಕೋಶದಲ್ಲಿ ನೀರು ತುಂಬುವ ಭಯವುಂಟು. ಆದ್ದರಿಂದ ಪರೀಕ್ಷಕರು ನಳಿಗೆಯ ಅಳತೆಯನ್ನು ಬದಲಿಸಿ ಕೇಳುವುದು ಹಿತಕರ. ದಶಮಾಂಶದ ಚುಕ್ಕೆಯನ್ನು ಬರೆಯುವ ಕ್ರಮವನ್ನೂ ಪರೀಕ್ಷಿಸಬೇಕು. ಅರ್ಧ ಮಿಲಿಗ್ರಾಮನ್ನು ೦.೫ ಎಂದು ಬರೆಯದೆ ಬರಿಯ ಚುಕ್ಕೆಯಿಟ್ಟು ೫ ಎಂದು ಬರೆದರೆ, ಚುಕ್ಕೆ ಮಸುಕಾದಾಗ ಪ್ರಮಾಣ ಹತ್ತು ಪಟ್ಟಾಗುತ್ತದೆ.

೫. ಆರೋಗ್ಯದ ಕಲ್ಪನೆ

ದಾದಿಯ ಕರ್ತವ್ಯ ರೋಗಿಯ ಹಾಸಿಗೆಯ ಬಳಿಯೇ ಮುಗಿಯುವಂಥದಲ್ಲ. ೧೯೪೮ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ, ರೋಗವಿಲ್ಲದಿರುವುದಷ್ಟನ್ನೇ ಆರೋಗ್ಯವೆಂದು ಒಪ್ಪದೆ, ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಕ್ಷೇಮವನ್ನೆಲ್ಲ ಅದರಲ್ಲಿ ಅಡಕಗೊಳಿಸಿತು. ೧೯೭೮ರ ಆಲ್ಮಾ ಆಟಾ ಸಮ್ಮೇಳನ ಪ್ರಾಥಮಿಕ ಆರೋಗ್ಯ ರಕ್ಷಣೆಯನ್ನು ಎಲ್ಲ ರಾಷ್ಟ್ರಗಳ ಗುರಿಯಾಗಿ ಸಾರಿತು. ಈ ಎರಡು ಇಸವಿಗಳನ್ನು ವಿದ್ಯಾರ್ಥಿಗಳು ತಪ್ಪದೆ ಬರೆಯುತ್ತಾರೆ. ಆದರೆ ಆ ಕಲ್ಪನೆ ಅವರ ಅರಿವಿಗೆ ಬಂದಿದೆಯೇ ಎಂಬುದನ್ನು ತಿಳಿಯಲು ಹಳ್ಳಿಯ ಮನೆಯೊಂದರ ಪ್ರಸಂಗವನ್ನು ಅವರ ಮುಂದಿಡಬೇಕು.

ಉದಾಹರಣೆಗೆ, ಎರಡು ವರ್ಷದ ಮಗುವಿಗೆ ಬೆಳಗಿನಿಂದ ಭೇದಿಯಾಗುತ್ತಿದೆ. ಒಂದು ಲೀಟರ್ ನೀರಿಗೆ ಬೆರೆಸಬೇಕಾದ ಓ.ಆರ್.ಎಸ್. ಪುಡಿಯ ಪೊಟ್ಟಣವನ್ನು ತಾಯಿ ಒಂದು ಲೋಟ ನೀರಿಗೆ ಪೂರ್ತಿಯಾಗಿ ಸುರಿದಿದ್ದಾಳೆ. ಭೇದಿ ನಿಲ್ಲಲೆಂದು ಊಟವನ್ನೂ ಎದೆಹಾಲನ್ನೂ ನಿಲ್ಲಿಸಿದ್ದಾಳೆ. ದಾದಿ ಯಾವ ಯಾವ ಮಾತುಗಳನ್ನು, ಯಾವ ಕ್ರಮದಲ್ಲಿ ಹೇಳಬೇಕು? ದ್ರಾವಣ ಅತಿಯಾಗಿ ಗಟ್ಟಿಯಾದರೆ ಮಗುವಿನ ರಕ್ತದಲ್ಲಿ ಉಪ್ಪಿನ ಅಂಶ ಏರುವ ಅಪಾಯವಿದೆ. ಆದ್ದರಿಂದ ಮೊದಲು ಆ ಲೋಟವನ್ನು ಬದಿಗಿಡಿಸಿ, ಒಂದು ಲೀಟರ್ ಅಳತೆಯ ಪಾತ್ರೆಯನ್ನು ತಾಯಿಯಿಂದಲೇ ತರಿಸಿ, ಅವಳ ಕೈಯಿಂದಲೇ ಹೊಸದಾಗಿ ಬೆರೆಸಿಸಬೇಕು. ಎದೆಹಾಲು ಮತ್ತು ಆಹಾರವನ್ನು ಮುಂದುವರಿಸಲು ಹೇಳಬೇಕು. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೆ ಆಸ್ಪತ್ರೆಗೆ ಕರೆತರಬೇಕೆಂದು ತಿಳಿಸಬೇಕು. ತಾಯಿಯನ್ನು ಗದರಿಸುವ ಉತ್ತರಕ್ಕೆ ಅಂಕ ಸಲ್ಲದು. ಗದರಿಸಿಕೊಂಡವಳು ಮುಂದಿನ ಸಲ ಕೇಳಲು ಬಾರಳು.

೧೯೭೧ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರಲ್ಲಿ ಕಾಲರಾ ಹರಡಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಇಂಥ ದ್ರಾವಣವನ್ನು ಬಳಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಬಂದಾಗ ರೋಗಿಗಳ ಬಂಧುಗಳೇ ಈ ದ್ರಾವಣವನ್ನು ಕುಡಿಸಿದರು. ಸರಿಯಾಗಿ ಹೇಳಿಕೊಟ್ಟರೆ ಮನೆಯವರೂ ಚಿಕಿತ್ಸೆಯಲ್ಲಿ ಪಾಲುಗಾರರಾಗಬಲ್ಲರೆಂಬುದಕ್ಕೆ ಇದು ನಿದರ್ಶನ. ಹೇಳಿಕೊಡುವ ಶಕ್ತಿಯೂ ದಾದಿಯ ವಿದ್ಯೆಯ ಅಂಗವಾದುದರಿಂದ ಅದೂ ಪರೀಕ್ಷೆಗೆ ಒಳಪಡಬೇಕು.

೬. ಕೈಯ ಪರೀಕ್ಷೆ

ಇಷ್ಟಾದರೂ ಕಾಗದದ ಮೇಲೆ ಅಳೆಯಲಾಗದುದು ಉಳಿದೇ ಇರುತ್ತದೆ. ಕೈ ತೊಳೆಯುವ ಕ್ರಮವನ್ನು ಬರೆಯುವುದು ಬೇರೆ, ತೊಳೆಯುವುದು ಬೇರೆ. ಹಿಂದಿನ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಒಬ್ಬನಿಗೆ ಸುಲಭವಾದ ರೋಗಿಯೂ ಮತ್ತೊಬ್ಬನಿಗೆ ಕಠಿಣವಾದ ರೋಗಿಯೂ ಸಿಕ್ಕುವುದು, ಪರೀಕ್ಷಕರ ಮನೋಧರ್ಮಕ್ಕೆ ತಕ್ಕಂತೆ ಅಂಕ ಏರಿಳಿಯುವುದು ಸಾಮಾನ್ಯವಾಗಿತ್ತು. ಸ್ಕಾಟ್ಲೆಂಡಿನ ಡಂಡೀ ನಗರದ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು ೧೯೭೫ರಲ್ಲಿ ಇದಕ್ಕೊಂದು ಪರಿಹಾರವನ್ನು ಪ್ರಕಟಿಸಿದರು. ಅದರಂತೆ ವಿದ್ಯಾರ್ಥಿಗಳೆಲ್ಲರೂ ಸರದಿಯ ಮೇಲೆ ಒಂದೇ ಬಗೆಯ ಹಲವು ಠಾಣೆಗಳನ್ನು ಹಾದುಹೋಗುತ್ತಾರೆ. ಒಂದು ಠಾಣೆಯಲ್ಲಿ ರಕ್ತದೊತ್ತಡ ಅಳೆಯಬೇಕು, ಮತ್ತೊಂದರಲ್ಲಿ ಗಾಯಕ್ಕೆ ಕಟ್ಟು ಕಟ್ಟಬೇಕು, ಇನ್ನೊಂದರಲ್ಲಿ ರೋಗಿಗೆ ಪಥ್ಯವನ್ನು ವಿವರಿಸಬೇಕು. ಪ್ರತಿ ಠಾಣೆಗೂ ನಿಗದಿತ ಕಾಲ, ಮೊದಲೇ ಸಿದ್ಧಪಡಿಸಿದ ಅಂಶಪಟ್ಟಿ. ವೈದ್ಯ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಈ ಪದ್ಧತಿ ಶುಶ್ರೂಷಾ ಶಿಕ್ಷಣವನ್ನೂ ಪ್ರವೇಶಿಸಿತು.

೧೯೯೦ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಶಿಕ್ಷಣ ತಜ್ಞರು ಈ ವಿಚಾರವನ್ನು ನಾಲ್ಕು ಹಂತಗಳಲ್ಲಿ ನಿರೂಪಿಸಿದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ಮಾಡುವುದು. ಠಾಣೆಯ ಪರೀಕ್ಷೆ ಮೂರನೆಯ ಹಂತವನ್ನು ಮುಟ್ಟುತ್ತದೆ. ನಾಲ್ಕನೆಯದನ್ನು ಅಳೆಯಲು, ರಾತ್ರಿ ಪಾಳಿಯಲ್ಲಿ ಯಾರೂ ನೋಡದಿರುವಾಗಲೂ ದಾದಿ ಕೈ ತೊಳೆದಳೇ, ಲಕ್ವ ಹೊಡೆದ ರೋಗಿಯನ್ನು ಎರಡು ಗಂಟೆಗೊಮ್ಮೆ ಹೊರಳಿಸಿದಳೇ ಎಂಬುದನ್ನು ಅರಿಯಬೇಕು. ನೈಟಿಂಗೇಲ್ ಅವರ ಮಾಸಿಕ ವರದಿಪಟ್ಟಿಯ ಉದ್ದೇಶವೂ ಇದೇ ಆಗಿದ್ದಿತು.

ಅಮೆರಿಕದಲ್ಲಿ ದಾದಿಯರಾಗಿ ನೋಂದಣಿ ಪಡೆಯಲು ಕರ್ನಾಟಕದಿಂದ ತೆರಳಿದವರೂ ಎದುರಿಸಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ೧೯೯೪ರಿಂದ ಗಣಕಯಂತ್ರದ ಮೂಲಕ ನಡೆಯುತ್ತಿದೆ. ಅಭ್ಯರ್ಥಿಯ ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆಯ ಕಾಠಿಣ್ಯವನ್ನು ಯಂತ್ರವೇ ನಿರ್ಧರಿಸುತ್ತದೆ. ೨೦೨೩ರಲ್ಲಿ ಅದು ಮತ್ತೆ ಬದಲಾಯಿತು. ಒಬ್ಬನೇ ರೋಗಿಯ ಸ್ಥಿತಿ ಗಂಟೆಗಂಟೆಗೆ ಬದಲಾಗುವುದನ್ನು ಮುಂದಿಟ್ಟು, ಸೂಚನೆಗಳನ್ನು ಗುರುತಿಸುವುದರಿಂದ ಹಿಡಿದು ಕೈಗೊಂಡ ಕ್ರಮದ ಫಲವನ್ನು ಪರಿಶೀಲಿಸುವವರೆಗೆ ಆರು ಹೆಜ್ಜೆಗಳನ್ನು ಅದರಲ್ಲಿ ಪರೀಕ್ಷಿಸಲಾಗುತ್ತದೆ.

೭. ಭಾಷೆಯ ಪ್ರಶ್ನೆ

ಕರ್ನಾಟಕದ ಮಟ್ಟಿಗೆ ವಿಶೇಷವಾಗಿ ಚಿಂತಿಸಬೇಕಾದ ವಿಷಯ ಇನ್ನೊಂದುಂಟು. ೧೯೯೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಶುಶ್ರೂಷಾ ಪದವಿ ಪರೀಕ್ಷೆಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಗಳಿಂದ ಬಂದ ವಿದ್ಯಾರ್ಥಿಗಳೂ ಅಲ್ಲಿರುತ್ತಾರೆ. ಸುತ್ತಿಬಳಸಿದ ಇಂಗ್ಲಿಷ್ ವಾಕ್ಯದಲ್ಲಿ, ಎರಡೆರಡು ನಿಷೇಧಪದಗಳನ್ನು ಸೇರಿಸಿ ಕೇಳಿದ ಪ್ರಶ್ನೆಗೆ ಅವರು ತಪ್ಪಿದರೆ, ತಪ್ಪಿದುದು ಶುಶ್ರೂಷೆಯಲ್ಲೋ ಭಾಷೆಯಲ್ಲೋ ಎಂದು ಹೇಳುವುದು ಕಷ್ಟ. ಪ್ರಶ್ನೆಯ ವಾಕ್ಯ ಚಿಕ್ಕದಾಗಿಯೂ ನೇರವಾಗಿಯೂ ಇರಬೇಕೆಂಬ ನಿಯಮ ಆದ್ದರಿಂದಲೇ ಮುಖ್ಯವಾದುದು.

ಇನ್ನೊಂದು ಕಡೆಯಿಂದ ನೋಡಿದರೆ, ರೋಗಿಯ ಮಾತನ್ನು ಅರಿಯುವ ವಿದ್ಯೆ ಪ್ರಶ್ನಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದೇ ವಿರಳ. ರೋಗಿ ಪಠ್ಯಪುಸ್ತಕದ ಶಬ್ದಗಳಲ್ಲಿ ಮಾತನಾಡುವುದಿಲ್ಲ. “ಎದೆ ಹಿಡಿದುಕೊಂಡಿದೆ”, “ಯಾಕೋ ಸಂಕಟ”, “ಕಣ್ಣು ಕತ್ತಲೆ ಬಂತು”, “ಕೈ ಜೋಮು ಹಿಡಿದಿದೆ” ಎನ್ನುತ್ತಾನೆ. ಅರವತ್ತು ವರ್ಷದ ಸಕ್ಕರೆ ಕಾಯಿಲೆಯ ಹೆಂಗಸೊಬ್ಬಳು ಬೆವರುತ್ತ, “ಗ್ಯಾಸ್ಟ್ರಿಕ್ ಆಗಿದೆ, ಒಂದು ಮಾತ್ರೆ ಕೊಡಿ ಸಿಸ್ಟರ್” ಎಂದು ಕೇಳಿದಾಗ, ಅದು ಹೃದಯಾಘಾತದ ಸೂಚನೆಯಿರಬಹುದೆಂದು ಶಂಕಿಸಿ, ಅವಳನ್ನು ಕೂರಿಸಿ, ವೈದ್ಯರನ್ನು ಕರೆದು, ಇ.ಸಿ.ಜಿ.ಗೆ ಏರ್ಪಾಡು ಮಾಡುವವಳೇ ನಿಜವಾದ ದಾದಿ. ಮೌಖಿಕ ಪರೀಕ್ಷೆಯಲ್ಲಿ ಇಂಥ ಮಾತುಗಳನ್ನು ಕನ್ನಡದಲ್ಲಿಯೇ ಹೇಳಿ, ಅವುಗಳ ಅರ್ಥವನ್ನೂ ಮುಂದಿನ ಕ್ರಮವನ್ನೂ ಕೇಳುವುದಕ್ಕೆ ಯಾವ ಹೊಸ ವೆಚ್ಚವೂ ಬೇಕಾಗಿಲ್ಲ. ಬೇರೆ ರಾಜ್ಯಗಳಿಂದ ಬಂದು ಕಲಿಯುವ ವಿದ್ಯಾರ್ಥಿಗಳಿಗಂತೂ ಇದು ಅತ್ಯಗತ್ಯ.

ಉಪಸಂಹಾರ

ನೆನಪನ್ನು ಅಳೆಯುವ ಪ್ರಶ್ನೆಗಳನ್ನು ರಚಿಸುವುದೂ ತಿದ್ದುವುದೂ ಸುಲಭ. ವಿವೇಚನೆಯನ್ನು ಅಳೆಯುವ ಪ್ರಶ್ನೆಗಳಿಗೆ ಅನುಭವವೂ ಶ್ರಮವೂ ಬೇಕು. ಮೇಲೆ ವಿಶ್ಲೇಷಿಸಿದಂಥ ಒಂದು ಪ್ರಶ್ನೆಯನ್ನು ರಚಿಸಲು ವಾರ್ಡಿನಲ್ಲಿ ದುಡಿದ ಅಧ್ಯಾಪಕರಿಗೆ ಮಾತ್ರ ಸಾಧ್ಯ. ಆದ್ದರಿಂದ ಶುಶ್ರೂಷಾ ಶಾಲೆಗಳ ಅಧ್ಯಾಪಕರು ಆಸ್ಪತ್ರೆಯ ಸಂಪರ್ಕವನ್ನು ಕಡಿದುಕೊಳ್ಳಬಾರದು. ಅನುಭವಿಗಳಾದ ಸ್ಟಾಫ್ ನರ್ಸುಗಳನ್ನು ಪ್ರಶ್ನೆ ರಚನೆಯಲ್ಲಿ ಸೇರಿಸಿಕೊಳ್ಳಬೇಕು. ಠಾಣೆಗಳ ಪರೀಕ್ಷೆಗೆ ಕೊಠಡಿ, ಅಭ್ಯಾಸದ ಬೊಂಬೆಗಳು, ಉಪಕರಣಗಳು ಬೇಕು. ವಿದ್ಯಾದಾನಕ್ಕೆ ಮನಸ್ಸು ಮಾಡುವ ಮಹನೀಯರು ಕಟ್ಟಡದಷ್ಟೇ ಈ ಅಭ್ಯಾಸಶಾಲೆಗಳ ಕಡೆಗೂ ಗಮನ ಹರಿಸಿದರೆ ಆ ದಾನ ನೇರವಾಗಿ ರೋಗಿಯನ್ನು ಮುಟ್ಟುತ್ತದೆ. ಬೊಂಬೆಯ ಮೇಲೆ ಹತ್ತು ಬಾರಿ ತಪ್ಪಿ ಕಲಿತ ಕೈ ಮನುಷ್ಯನ ಮೇಲೆ ತಪ್ಪುವುದು ವಿರಳ.

ಪರೀಕ್ಷೆಯಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಗೆ ಮತ್ತೊಂದು ಅವಕಾಶವಿರುತ್ತದೆ. ಅರಿವಿಲ್ಲದೆ ಉತ್ತೀರ್ಣನಾದವನ ಕೈಗೆ ಸಿಕ್ಕಿದ ರೋಗಿಗೆ ಆ ಅವಕಾಶವಿರುವುದಿಲ್ಲ. ಪ್ರಶ್ನಪತ್ರಿಕೆಯನ್ನು ರಚಿಸುವವರೂ ಉತ್ತರಗಳನ್ನು ತಿದ್ದುವವರೂ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ನೈಟಿಂಗೇಲ್ ಬಯಸಿದ ಗುಣವೂ ಫೆನ್‌ವಿಕ್ ಬಯಸಿದ ಮಟ್ಟವೂ ಒಂದೇ ಪರೀಕ್ಷೆಯಲ್ಲಿ ಕೂಡಿ ಬರುವುದು ಅಸಾಧ್ಯವೇನಲ್ಲ.